ಹೊಸದುರ್ಗ ರೋಡಿನ ಪತ್ರ, ಬಾಲಸೋರಿನ ಹೆಣಗಳು

ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ರೋಡ್ ಒಂದು ಸಣ್ಣ ರೈಲು ನಿಲ್ದಾಣ. 2023ರ ಫೆಬ್ರವರಿ 8ರಂದು ಅಲ್ಲಿ ಒಂದು ದುರಂತ ಕೂದಲೆಳೆಯಲ್ಲಿ ತಪ್ಪಿತು. ತಪ್ಪಿದ್ದರಿಂದ ಅದು ಸುದ್ದಿಯೂ ಆಗಲಿಲ್ಲ. ಯಶವಂತಪುರದಿಂದ ದೆಹಲಿಯ ನಿಜಾಮುದ್ದೀನ್‌ಗೆ ಹೊರಟಿದ್ದ ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್ಸಿಗೆ ಮುಂದೆ ಸಾಗಲು ಸಿಗ್ನಲ್ ಸಿಕ್ಕಿತ್ತು. ಆದರೆ ಹಳಿ ಜೋಡಣೆಯಾಗಿದ್ದು ಬೇರೆ ದಾರಿಗೆ. ಚಾಲಕ ಸಿಗ್ನಲನ್ನು ಮಾತ್ರ ನಂಬದೆ ಹಳಿಯ ಮೇಲೂ ಕಣ್ಣಿಟ್ಟಿದ್ದರಿಂದ ಗಾಡಿ ನಿಂತಿತು, ನೂರಾರು ಮಂದಿ ಬದುಕಿದರು.

ಮರುದಿನವೇ ನೈರುತ್ಯ ರೈಲ್ವೆಯ ಹಿರಿಯ ಅಧಿಕಾರಿಯೊಬ್ಬರು ಈ ಬಗ್ಗೆ ಪತ್ರ ಬರೆದರು. ಸಿಗ್ನಲ್ ನಿರ್ವಹಣೆಯ ವ್ಯವಸ್ಥೆಯಲ್ಲಿ ಗಂಭೀರ ದೋಷವಿದೆ, ಕೆಲಸದ ನೆಪದಲ್ಲಿ ಸುರಕ್ಷಾ ಕ್ರಮವನ್ನೇ ದಾಟಿಹೋಗಲು ಸಾಧ್ಯವಾಗುತ್ತಿದೆ, ಕೂಡಲೇ ಸರಿಪಡಿಸದಿದ್ದರೆ ಇದು ಮರುಕಳಿಸಿ ದೊಡ್ಡ ಅಪಘಾತಕ್ಕೆ ಕಾರಣವಾದೀತು ಎಂಬುದು ಆ ಪತ್ರದ ಸಾರ. ಏಪ್ರಿಲ್ ತಿಂಗಳಲ್ಲಿ ರೈಲ್ವೆ ಮಂಡಳಿಯೂ ವಲಯಗಳಿಗೆ ಪತ್ರ ಬರೆದು, ಸಿಗ್ನಲ್ ಸಿಬ್ಬಂದಿ ಸರಿಯಾದ ಪರೀಕ್ಷೆ ಇಲ್ಲದೆ ಸಂಪರ್ಕಗಳನ್ನು ಜೋಡಿಸುತ್ತಿರುವ ಪ್ರಕರಣಗಳ ಬಗ್ಗೆ ಎಚ್ಚರಿಸಿತು. ಅಂದರೆ ಕೆಳಗಿನವರಿಗೂ ಗೊತ್ತಿತ್ತು, ಮೇಲಿನವರಿಗೂ ಗೊತ್ತಿತ್ತು.

ಜೂನ್ 2ರ ಸಂಜೆ ಒಡಿಶಾದ ಬಾಲಸೋರ್ ಜಿಲ್ಲೆಯ ಬಹನಾಗ ಬಜಾರ್ ನಿಲ್ದಾಣದಲ್ಲಿ ಚೆನ್ನೈಗೆ ಹೊರಟಿದ್ದ ಕೋರಮಂಡಲ್ ಎಕ್ಸ್‌ಪ್ರೆಸ್ಸಿಗೆ ಮೈನ್ ಲೈನಿನಲ್ಲಿ ಸಾಗಲು ಹಸಿರು ಸಿಗ್ನಲ್ ಸಿಕ್ಕಿತು. ಹಳಿ ಮಾತ್ರ ಲೂಪ್ ಲೈನಿಗೆ ಜೋಡಣೆಯಾಗಿತ್ತು. ಅಲ್ಲಿ ಕಬ್ಬಿಣದ ಅದಿರು ತುಂಬಿದ ಗೂಡ್ಸ್ ನಿಂತಿತ್ತು. ಪೂರ್ಣ ವೇಗದಲ್ಲಿದ್ದ ಗಾಡಿಯ ಚಾಲಕನಿಗೆ ಹೊಸದುರ್ಗದ ಚಾಲಕನಿಗೆ ಸಿಕ್ಕ ಅವಕಾಶ ಸಿಗಲಿಲ್ಲ. ಚೆಲ್ಲಾಪಿಲ್ಲಿಯಾದ ಬೋಗಿಗಳು, ಎದುರಿನಿಂದ ಬರುತ್ತಿದ್ದ ಬೆಂಗಳೂರು-ಹೌರಾ ಎಕ್ಸ್‌ಪ್ರೆಸ್ಸಿನ ಕೊನೆಯ ಬೋಗಿಗಳನ್ನೂ ಉರುಳಿಸಿದವು. 290ಕ್ಕೂ ಹೆಚ್ಚು ಮಂದಿ ಸತ್ತರು. ಹೆಣಗಳನ್ನು ಊರಿನ ಶಾಲೆಯಲ್ಲಿ ಸಾಲಾಗಿ ಮಲಗಿಸಲಾಯಿತು. ಮತ್ತೆ ಆ ಕೋಣೆಗಳಿಗೆ ಕಾಲಿಡಲು ಮಕ್ಕಳು ಹೆದರಿದ್ದರಿಂದ ಕಟ್ಟಡವನ್ನೇ ಕೆಡವಬೇಕಾಯಿತು. ಅಕ್ಟೋಬರ್‌ವರೆಗೂ ವಾರಸುದಾರರು ಸಿಗದ 28 ದೇಹಗಳನ್ನು ಭುವನೇಶ್ವರದಲ್ಲಿ ಸುಡಲಾಯಿತು. ಕೂಲಿ ಹುಡುಕುತ್ತಾ ಬಂಗಾಳ, ಬಿಹಾರಗಳಿಂದ ದಕ್ಷಿಣಕ್ಕೆ ಬರುವ ಬಡವರು ಜನರಲ್ ಬೋಗಿಯಲ್ಲಿ ಹೆಸರಿಲ್ಲದೆ ಪ್ರಯಾಣಿಸುತ್ತಾರೆ. ಹೆಸರಿಲ್ಲದೆಯೇ ಸತ್ತರು.

ಇನ್ನು ತನಿಖೆಯ ವಿಷಯ. ನಮ್ಮ ದೇಶದಲ್ಲಿ ರೈಲ್ವೆ ಸುರಕ್ಷಾ ಆಯೋಗ ಎಂಬ ಸಂಸ್ಥೆಯಿದೆ. ಇದು ರೈಲ್ವೆ ಸಚಿವಾಲಯದ ಕೆಳಗಿಲ್ಲ, ನಾಗರಿಕ ವಿಮಾನಯಾನ ಸಚಿವಾಲಯದ ಕೆಳಗಿದೆ. ಕೇಳಲು ವಿಚಿತ್ರವೆನಿಸಿದರೂ ಇದರ ಹಿಂದೆ ಒಂದು ಒಳ್ಳೆಯ ವಿಚಾರವಿದೆ. ರೈಲು ಓಡಿಸುವವರೇ ರೈಲಿನ ತಪಾಸಣೆ ಮಾಡಬಾರದು ಎಂಬ ತತ್ವದ ಮೇಲೆ 1941ರಲ್ಲಿ ಬ್ರಿಟಿಷ್ ಸರಕಾರ ರೈಲ್ವೆ ತಪಾಸಣಾಧಿಕಾರಿಗಳನ್ನು ರೈಲ್ವೆ ಮಂಡಳಿಯಿಂದ ಬೇರ್ಪಡಿಸಿತು. ನಮ್ಮನ್ನು ಲೂಟಿ ಮಾಡಲು ಬಂದವರಿಗೂ ಅಷ್ಟು ಮಾತ್ರದ ನಾಚಿಕೆಯಿತ್ತು. ಸ್ವಾತಂತ್ರ್ಯಾನಂತರ ನಾವು ಆ ಏರ್ಪಾಡಿನ ಹೊರಗವಚವನ್ನು ಉಳಿಸಿಕೊಂಡೆವು. ಒಳಗೆ ನೋಡಿದರೆ, ಆಯುಕ್ತರು ಬರುವುದು ರೈಲ್ವೆ ಸೇವೆಯಿಂದಲೇ. ಅಪಘಾತದ ತನಿಖೆ ಮಾಡುವ, ಹೊಸ ಮಾರ್ಗದಲ್ಲಿ ಪ್ರಯಾಣಿಕರ ಗಾಡಿ ಓಡಿಸಬಹುದೇ ಎಂದು ಹೇಳುವ ಅಧಿಕಾರ ಅವರಿಗಿದೆ. ಆದರೆ ತಪ್ಪು ಹುಡುಕಿ ವರದಿ ಬರೆದ ಮೇಲೆ ಅವರ ಕೈ ಖಾಲಿ. ಶಿಫಾರಸನ್ನು ಒಪ್ಪುವುದು, ಬಿಡುವುದು, ಕಪಾಟಿನಲ್ಲಿಡುವುದು ಎಲ್ಲವೂ ರೈಲ್ವೆ ಮಂಡಳಿಯ ಮರ್ಜಿ. ಆರೋಪಿಯೇ ತೀರ್ಪಿನ ಮೇಲೆ ಷರಾ ಬರೆಯುವ ಪದ್ಧತಿಯಿದು.

ಬಾಲಸೋರಿಗೆ ಸಂಬಂಧಿಸಿದ ವರದಿ ಜೂನ್ ಕೊನೆಗೇ ಸಿದ್ಧವಾಯಿತು. ಸಿಬಿಐ ತನಿಖೆ ನಡೆಯುತ್ತಿದೆ ಎಂಬ ಕಾರಣ ಕೊಟ್ಟು ಅದನ್ನು ಬಹಿರಂಗಪಡಿಸಲಿಲ್ಲ. ಜುಲೈಯಲ್ಲಿ ರಾಜ್ಯಸಭೆಯ ಒಂದು ಪ್ರಶ್ನೆಗೆ ಉತ್ತರವಾಗಿ ರೈಲ್ವೆ ಸಚಿವ ಅಶ್ವಿನಿ ವೈಷ್ಣವ್ ಅದರ ಸಾರವನ್ನು ಕೆಲವೇ ಸಾಲುಗಳಲ್ಲಿ ತಿಳಿಸಿದರು: ಸಿಗ್ನಲ್ ಸರ್ಕ್ಯೂಟಿನಲ್ಲಿ ಹಿಂದೆ ಮಾಡಿದ ಬದಲಾವಣೆಯಲ್ಲಿ ಲೋಪವಿತ್ತು, 94ನೇ ನಂಬರಿನ ಲೆವೆಲ್ ಕ್ರಾಸಿಂಗ್ ಗೇಟಿನ ಕಾಮಗಾರಿಯಲ್ಲೂ ಲೋಪವಾಯಿತು. ಆ ಮೊದಲೇ, 2022ರ ಮೇಯಲ್ಲಿ, ಅದೇ ಖರಗ್‌ಪುರ ವಿಭಾಗದ ಇನ್ನೊಂದು ನಿಲ್ದಾಣದಲ್ಲಿ ಇಂಥದೇ ತಪ್ಪು ವೈರಿಂಗ್‌ನ ಪ್ರಕರಣ ನಡೆದಿತ್ತು ಎಂಬುದನ್ನೂ ವರದಿ ದಾಖಲಿಸಿತ್ತು. ಆಗಲೇ ಪಾಠ ಕಲಿತಿದ್ದರೆ? ಸಿಬಿಐ ಬಂಧಿಸಿದ್ದು ಮೂವರನ್ನು. ಮೂವರೂ ಸಿಗ್ನಲ್ ವಿಭಾಗದ ಕೆಳಹಂತದ ಇಂಜಿನಿಯರರು, ತಂತ್ರಜ್ಞರು. ಅವರ ತಪ್ಪಿದ್ದರೆ ನ್ಯಾಯಾಲಯ ನಿರ್ಧರಿಸಲಿ. ಆದರೆ ಫೆಬ್ರವರಿಯ ಪತ್ರ, ಏಪ್ರಿಲ್‌ನ ಪತ್ರ, ಹಿಂದಿನ ವರ್ಷದ ಪ್ರಕರಣ ಇವನ್ನೆಲ್ಲ ಮೇಜಿನ ಮೇಲೆ ಇಟ್ಟುಕೊಂಡಿದ್ದವರನ್ನು ಯಾವ ಕಲಮಿನಡಿ ಪ್ರಶ್ನಿಸಬೇಕು?

ಇಲ್ಲಿ ನಾವು ಇನ್ನೊಂದು ಕೊಳಕನ್ನೂ ಪ್ರಸ್ತಾಪಿಸದೆ ಮುಂದೆ ಹೋಗಲಾರೆವು. ಹೆಣಗಳನ್ನು ಇನ್ನೂ ಹೊರತೆಗೆಯುತ್ತಿದ್ದಾಗಲೇ, ಹಳಿಯ ಪಕ್ಕದಲ್ಲಿ ಮಸೀದಿಯಿದೆ, ಸ್ಟೇಷನ್ ಮಾಸ್ಟರ್ ಮುಸ್ಲಿಮ್ ಎಂಬ ಸುಳ್ಳನ್ನು ಮೊಬೈಲುಗಳಲ್ಲಿ ಹರಿಯಬಿಡಲಾಯಿತು. ಚಿತ್ರದಲ್ಲಿದ್ದುದು ಇಸ್ಕಾನ್ ಮಂದಿರ. ಸ್ಟೇಷನ್ ಮಾಸ್ಟರನ ಹೆಸರಿನ ಕಥೆಯೂ ಕಟ್ಟುಕಥೆ. ದುರಂತಕ್ಕೆ ಕೋಮು ಬಣ್ಣ ಬಳಿಯುವವರ ಮೇಲೆ ಕ್ರಮ ಜರಗಿಸುವುದಾಗಿ ಒಡಿಶಾ ಪೊಲೀಸರು ಎಚ್ಚರಿಕೆ ಕೊಡಬೇಕಾಯಿತು. ಒಂದು ಸಮುದಾಯಕ್ಕೆ ಆದ ನೋವು ಒಂದೆಡೆ ಇರಲಿ. ಇಂಥ ಸುಳ್ಳಿನಿಂದ ನಿಜವಾಗಿ ಲಾಭವಾಗುವುದು ಯಾರಿಗೆ? ವೈರಿಂಗ್ ಪರೀಕ್ಷಿಸದವನಿಗೆ, ಪತ್ರದ ಮೇಲೆ ಕಾಗದದ ಭಾರ ಇಟ್ಟು ಕೂತವನಿಗೆ. ಸ್ಟೇಷನ್ ಮಾಸ್ಟರನ ಧರ್ಮ ಹುಡುಕುತ್ತಾ ಕೂತ ದೇಶ ಸಿಗ್ನಲ್ ಪೆಟ್ಟಿಗೆಯ ಬಾಗಿಲು ಯಾರು ತೆರೆದರು ಎಂದು ಕೇಳುವುದಿಲ್ಲ.

ಹಣದ ಕೊರತೆಯೇ? ಅದನ್ನೂ ನೋಡೋಣ. ಅನಿಲ್ ಕಾಕೋಡ್ಕರ್ ಸಮಿತಿ 2012ರಲ್ಲಿ ರೈಲ್ವೆ ಸುರಕ್ಷತೆಗೆ ಐದು ವರ್ಷಗಳಲ್ಲಿ ಸುಮಾರು ಒಂದು ಲಕ್ಷ ಕೋಟಿ ರೂಪಾಯಿ ಬೇಕು ಎಂದಿತು. 2017ರಲ್ಲಿ ಕೇಂದ್ರ ಸರಕಾರ ಅಷ್ಟೇ ಮೊತ್ತದ ರಾಷ್ಟ್ರೀಯ ರೈಲು ಸಂರಕ್ಷಾ ಕೋಶವನ್ನು ಘೋಷಿಸಿತು. ಒಳ್ಳೆಯ ಕೆಲಸವೇ. ಇದರಲ್ಲಿ ವರ್ಷಕ್ಕೆ 5,000 ಕೋಟಿಯನ್ನು ರೈಲ್ವೆ ತನ್ನ ಸ್ವಂತ ಸಂಪಾದನೆಯಿಂದ ಹಾಕಬೇಕಿತ್ತು. ನಾಲ್ಕು ವರ್ಷಗಳಲ್ಲಿ ಹಾಕಬೇಕಾಗಿದ್ದ 20,000 ಕೋಟಿಯಲ್ಲಿ 15,775 ಕೋಟಿಯನ್ನು ಹಾಕಲೇ ಇಲ್ಲ. ಇದನ್ನು ಹೇಳಿದ್ದು ಯಾವುದೋ ವಿರೋಧ ಪಕ್ಷವಲ್ಲ, 2022ರ ಡಿಸೆಂಬರಿನಲ್ಲಿ, ಅಂದರೆ ಬಾಲಸೋರಿಗೆ ಕೇವಲ ಆರು ತಿಂಗಳ ಮುಂಚೆ, ಸಂಸತ್ತಿನಲ್ಲಿ ಮಂಡಿಸಲಾದ ಮಹಾಲೇಖಪಾಲರ ವರದಿ. ಸುರಕ್ಷತೆಗೆಂದು ಇಟ್ಟ ಹಣದಲ್ಲಿ ಪಿಂಗಾಣಿ ಪಾತ್ರೆ, ಪೀಠೋಪಕರಣ, ಕಾಲು ಮಸಾಜ್ ಮಾಡುವ ಯಂತ್ರ ಕೊಂಡ ಉದಾಹರಣೆಗಳೂ ಅದರಲ್ಲಿದ್ದವು. ಹಳಿಯ ಸ್ಥಿತಿಯನ್ನು ಅಳೆಯುವ ವಿಶೇಷ ಗಾಡಿಗಳ ತಪಾಸಣೆಯಲ್ಲಿ 30ರಿಂದ 100 ಶೇಕಡಾದಷ್ಟು ಕೊರತೆ ಕಂಡುಬಂದಿತ್ತು. 100 ಶೇಕಡಾ ಕೊರತೆ ಎಂದರೆ ತಪಾಸಣೆ ನಡೆಯಲೇ ಇಲ್ಲ ಎಂದರ್ಥ. ಆ ಹಳಿಗಳ ಮೇಲೆ ನಾವು ನೀವು ಮಕ್ಕಳು ಮರಿಗಳೊಂದಿಗೆ ನಿದ್ದೆ ಮಾಡುತ್ತಾ ಪ್ರಯಾಣಿಸಿದ್ದೇವೆ.

ಅಪಘಾತಗಳು ಕಡಿಮೆಯಾಗಿವೆ ಎಂಬುದು ಸರಕಾರದ ಉತ್ತರ. 2014-15ರಲ್ಲಿ 135 ಗಂಭೀರ ರೈಲು ಅಪಘಾತಗಳಾಗಿದ್ದರೆ 2024-25ರಲ್ಲಿ ಅವು 31ಕ್ಕೆ ಇಳಿದಿವೆ ಎಂದು ಅದು ಲೆಕ್ಕ ಕೊಡುತ್ತದೆ. ಈ ಲೆಕ್ಕವನ್ನು ನಾವು ಅಲ್ಲಗಳೆಯುವುದಿಲ್ಲ. ಬ್ರಾಡ್‌ಗೇಜ್ ಮಾರ್ಗಗಳಲ್ಲಿ ಕಾವಲಿಲ್ಲದ ಲೆವೆಲ್ ಕ್ರಾಸಿಂಗ್‌ಗಳನ್ನು 2019ರ ಆರಂಭದೊಳಗೆ ಇಲ್ಲವಾಗಿಸಿದ್ದು ನಿಜಕ್ಕೂ ಜೀವ ಉಳಿಸಿದ ಕೆಲಸ, ಮೆಚ್ಚಲೇಬೇಕು. ಆದರೆ ಸಂಖ್ಯೆ ಇಳಿಯಿತೆಂದು ಒಂದೇ ಸಂಜೆ ಸತ್ತ 290 ಜನರ ಮನೆಗೆ ಹೋಗಿ ಹೇಳಲಾದೀತೇ? ಮೇಲಾಗಿ ಹಳಿ ದಾಟುವಾಗ ಸಾಯುವವರು ಈ ಲೆಕ್ಕದಲ್ಲಿ ಬರುವುದೇ ಇಲ್ಲ. ಅಂಥವರ ಸಂಖ್ಯೆ ವರ್ಷಕ್ಕೆ ಸುಮಾರು 15,000 ಎಂದು ಕಾಕೋಡ್ಕರ್ ಸಮಿತಿ ಹೇಳಿತ್ತು. ಅವರನ್ನು ‘ಅತಿಕ್ರಮಣಕಾರರು’ ಎಂಬ ಖಾನೆಗೆ ತಳ್ಳಿ ಕೈತೊಳೆದುಕೊಳ್ಳಲಾಗುತ್ತದೆ. ಮೇಲ್ಸೇತುವೆ ಇಲ್ಲದ ಕಡೆ ಹಳಿ ದಾಟದೆ ಬಡವ ಹಾರಿಕೊಂಡು ಹೋಗಬೇಕೇ?

ಬಾಲಸೋರಿನ ನಂತರವಾದರೂ ಬುದ್ಧಿ ಬಂತೇ? 2024ರ ಜೂನ್ 17ರಂದು ಪಶ್ಚಿಮ ಬಂಗಾಳದ ರಂಗಾಪಾನಿ ಬಳಿ ಕಾಂಚನಜುಂಗಾ ಎಕ್ಸ್‌ಪ್ರೆಸ್ಸಿಗೆ ಹಿಂದಿನಿಂದ ಗೂಡ್ಸ್ ಗುದ್ದಿತು. ಬೆಳಗ್ಗೆ ಅಪಘಾತ ನಡೆಯಿತು, ಅಂದೇ ರೈಲ್ವೆ ಮಂಡಳಿಯ ಅಧ್ಯಕ್ಷರು ಗೂಡ್ಸ್ ಚಾಲಕ ಸಿಗ್ನಲ್ ಮೀರಿದ್ದೇ ಕಾರಣ ಎಂದು ಸಾರಿಬಿಟ್ಟರು. ಆ ಚಾಲಕ ಅದೇ ಅಪಘಾತದಲ್ಲಿ ಸತ್ತಿದ್ದ. ಸತ್ತವನು ಪತ್ರಿಕಾಗೋಷ್ಠಿ ಕರೆಯುವುದಿಲ್ಲವಲ್ಲ! ಸುರಕ್ಷಾ ಆಯುಕ್ತರ ತನಿಖೆ ಬೇರೆಯೇ ಕಥೆ ಹೇಳಿತು. ಅಂದು ಸ್ವಯಂಚಾಲಿತ ಸಿಗ್ನಲ್ ಕೆಟ್ಟಿತ್ತು. ಕೆಂಪು ದಾಟಿ ಹೋಗಲು ಚಾಲಕರಿಗೆ ಕೊಟ್ಟ ಚೀಟಿಯೇ ತಪ್ಪಾಗಿತ್ತು, ವೇಗ ಎಷ್ಟಿರಬೇಕೆಂಬುದು ಅದರಲ್ಲಿ ಇರಲಿಲ್ಲ. ಆ ದಿನ ಅದೇ ಹಾದಿಯಲ್ಲಿ ಹೋದ ಇತರ ಗಾಡಿಗಳ ಚಾಲಕರೂ ನಿಯಮವನ್ನು ಒಬ್ಬೊಬ್ಬರು ಒಂದೊಂದು ರೀತಿ ಅರ್ಥಮಾಡಿಕೊಂಡಿದ್ದರು. ನಿಯಮದಂತೆ ನಿಂತು ನಿಂತು ಸಾಗಿದ್ದು ಗುದ್ದಿಸಿಕೊಂಡ ಕಾಂಚನಜುಂಗಾ ಮಾತ್ರ. ಇದು ಆಗಲೆಂದೇ ಕಾದು ಕುಳಿತಿದ್ದ ಅಪಘಾತ ಎಂಬರ್ಥದ ಮಾತು ಆ ವರದಿಯಲ್ಲಿದೆ. ಮಂಡಳಿಯ ಬೆಳಗಿನ ತೀರ್ಪು ಎಲ್ಲರ ಕಿವಿಗೆ ಬಿತ್ತು. ತಿಂಗಳ ನಂತರ ಬಂದ ತನಿಖಾ ವರದಿ ಎಷ್ಟು ಜನರಿಗೆ ತಲುಪಿತು?

ಈ ವಿಷಯದಲ್ಲಿ ಕರಾವಳಿಯ ಓದುಗರಿಗೆ ಒಂದು ಹೋಲಿಕೆ ಥಟ್ಟನೆ ಹೊಳೆಯಬೇಕು. 2010ರ ಮೇ 22ರಂದು ಮಂಗಳೂರಿನ ಕೆಂಜಾರಿನಲ್ಲಿ ದುಬೈ ವಿಮಾನ ಉರುಳಿ 158 ಮಂದಿ ಸುಟ್ಟುಹೋದರು. ಅದರ ತನಿಖಾ ವರದಿ ಇಡಿಯಾಗಿ ಪ್ರಕಟವಾಗಿದೆ. ಯಾವ ಸಾಮಾನ್ಯನೂ ಅದನ್ನು ತೆರೆದು, ಪೈಲಟ್ ಯಾವ ಕ್ಷಣದಲ್ಲಿ ಏನು ಮಾಡಿದ, ಸಹ ಪೈಲಟ್ ಏನು ಎಚ್ಚರಿಸಿದ ಎಂದು ಓದಬಹುದು. ಆ ವಿಮಾನದ ತನಿಖೆ ಮಾಡಿಸಿದ್ದು ವಿಮಾನಯಾನ ಸಚಿವಾಲಯ. ರೈಲ್ವೆ ಸುರಕ್ಷಾ ಆಯೋಗವೂ ಅದೇ ಸಚಿವಾಲಯದ ಕೆಳಗಿದೆ! ಆಕಾಶದಲ್ಲಿ ಸತ್ತವರ ವರದಿ ಬಹಿರಂಗ, ನೆಲದ ಮೇಲೆ ಸತ್ತವರದ್ದು ಗೌಪ್ಯ. ಈ ಭೇದಕ್ಕೆ ಟಿಕೆಟಿನ ದರವನ್ನು ಬಿಟ್ಟು ಬೇರೆ ಕಾರಣ ನಮಗಂತೂ ಕಾಣುತ್ತಿಲ್ಲ.

ತಪ್ಪು ದೆಹಲಿಯದ್ದು ಮಾತ್ರ ಎಂದರೆ ಅದು ಅರ್ಧ ಸತ್ಯ. ಜಾಫರ್ ಷರೀಫರಿಂದ ಹಿಡಿದು ಖರ್ಗೆ, ಸದಾನಂದ ಗೌಡರವರೆಗೆ ಕರ್ನಾಟಕದವರು ರೈಲ್ವೆ ಸಚಿವರಾದಾಗಲೆಲ್ಲ ನಾವು ಕೇಳಿದ್ದೇನು? ನಮ್ಮೂರಿಗೊಂದು ಗಾಡಿ, ನಮ್ಮೂರಲ್ಲೊಂದು ನಿಲುಗಡೆ. ಅದು ನ್ಯಾಯವಾದ ಬೇಡಿಕೆಯೇ. ಆದರೆ ನಮ್ಮ ಸಂಸದರು ಹಸಿರು ಬಾವುಟ ಬೀಸುವ ಚಿತ್ರಗಳು ಎಷ್ಟಿವೆ, ಸುರಕ್ಷಾ ವರದಿ ಎಲ್ಲಿದೆ ಎಂದು ಸದನದಲ್ಲಿ ಕೇಳಿದ್ದು ಎಷ್ಟು ಸಲ? 1924ರಿಂದ ಪ್ರತ್ಯೇಕವಾಗಿದ್ದ ರೈಲ್ವೆ ಬಜೆಟನ್ನು 2017ರಲ್ಲಿ ಸಾಮಾನ್ಯ ಬಜೆಟಿನೊಳಗೆ ಸೇರಿಸಿದಾಗ, ವರ್ಷಕ್ಕೊಮ್ಮೆ ಇಡೀ ದೇಶ ರೈಲ್ವೆಯ ಲೆಕ್ಕ ಕೇಳುತ್ತಿದ್ದ ಒಂದು ದಿನವೂ ಹೋಯಿತು. ಹೆಚ್ಚಿನವರು ಅದನ್ನು ಗಮನಿಸಲೂ ಇಲ್ಲ. ರೈಲ್ವೆ ಮಂಡಳಿಗೆ ಸಂಬಂಧಿಸಿದ 1905ರ ಕಾನೂನನ್ನು 1989ರ ರೈಲ್ವೆ ಕಾಯ್ದೆಯೊಂದಿಗೆ ವಿಲೀನಗೊಳಿಸುವ ಮಸೂದೆ 2024ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ, 2025ರ ಮಾರ್ಚಿನಲ್ಲಿ ರಾಜ್ಯಸಭೆಯಲ್ಲಿ ಪಾಸಾಯಿತು. ಕಾಕೋಡ್ಕರ್ ಸಮಿತಿ ಹೇಳಿದ್ದ ಸ್ವತಂತ್ರ ಸುರಕ್ಷಾ ಪ್ರಾಧಿಕಾರವನ್ನು ಅದರಲ್ಲಿ ಸೇರಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ಬೇರೆ ಯಾವುದಿತ್ತು? ಸೇರಿಸಲಿಲ್ಲ. ಮಂಡಳಿಯ ಸದಸ್ಯರ ಸಂಖ್ಯೆ, ಅರ್ಹತೆ, ಸೇವಾ ಷರತ್ತುಗಳನ್ನು ನಿರ್ಧರಿಸುವ ಅಧಿಕಾರ ಮಾತ್ರ ಕೇಂದ್ರ ಸರಕಾರದ ಕೈಗೆ ಭದ್ರವಾಗಿ ಹೋಯಿತು.

ಪ್ರತಿ ಅಪಘಾತವಾದಾಗಲೂ 1956ರಲ್ಲಿ ರಾಜೀನಾಮೆ ಕೊಟ್ಟ ಲಾಲ್ ಬಹಾದುರ್ ಶಾಸ್ತ್ರಿಯವರ ಹೆಸರು ಹೇಳುವ ರೂಢಿಯಿದೆ. ಶಾಸ್ತ್ರಿಯವರ ಬಗ್ಗೆ ನಮಗೆ ಗೌರವವಿದೆ. ಆದರೆ ನಮಗೆ ಬೇಕಿರುವುದು ರಾಜೀನಾಮೆ ಅಲ್ಲ. ಸಚಿವರು ಹೋದರೆ ಇನ್ನೊಬ್ಬರು ಬರುತ್ತಾರೆ, ಸಿಗ್ನಲ್ ಪೆಟ್ಟಿಗೆಯ ವೈರುಗಳು ಹಾಗೆಯೇ ಇರುತ್ತವೆ. ರೈಲ್ವೆ ಸುರಕ್ಷಾ ಆಯುಕ್ತರ ಪ್ರತಿಯೊಂದು ವರದಿಯೂ ಇಂತಿಷ್ಟು ದಿನಗಳಲ್ಲಿ ಸಂಸತ್ತಿನ ಮುಂದೆ ಬರಬೇಕೆಂದು ಕಾನೂನಾಗಲಿ. ಶಿಫಾರಸನ್ನು ಒಪ್ಪದಿದ್ದರೆ ಮಂಡಳಿ ಕಾರಣವನ್ನು ಬರೆದು, ಸಹಿ ಹಾಕಿ, ಜನರ ಮುಂದೆ ಇಡಲಿ. ಹೊಸದುರ್ಗ ರೋಡಿನ ಪತ್ರದಂಥದ್ದು ಬಂದ ದಿನ ಅದನ್ನು ಸ್ವೀಕರಿಸಿದ ಅಧಿಕಾರಿ ಯಾರು, ಅದರ ಮೇಲೆ ಯಾವ ದಿನ ಏನು ಆದೇಶ ಹೊರಡಿಸಿದರು ಎಂಬುದೂ ದಾಖಲಾಗಲಿ. ಮುಂದಿನ ಅಧಿವೇಶನದಲ್ಲಿ ಕರ್ನಾಟಕದ 28 ಲೋಕಸಭಾ ಸದಸ್ಯರಲ್ಲಿ ಒಬ್ಬರಾದರೂ, ಪಕ್ಷ ಯಾವುದೇ ಇರಲಿ, ಎದ್ದು ನಿಂತು ಕೇಳಬೇಕಾದ ಪ್ರಶ್ನೆ ಒಂದೇ: ಬಾಲಸೋರಿನ ಪೂರ್ತಿ ವರದಿ ಎಲ್ಲಿ?