ಜಾಡಿಗೆ ನೀರು ಬಂದದ್ದು ಎಲ್ಲಿಂದ?

ಅಜ್ಜಿ ಮಿಡಿ ಉಪ್ಪಿನಕಾಯಿ ಹಾಕುವುದನ್ನು ನೋಡಿದ್ದೀರಾ, ಮಕ್ಕಳೇ? ತೊಳೆದ ಮಾವಿನ ಮಿಡಿಯನ್ನು ಒಂದು ಹನಿ ನೀರೂ ಉಳಿಯದಂತೆ ಒರೆಸುತ್ತಾರೆ. ಜಾಡಿಯಲ್ಲಿ ಒಂದು ಪದರ ಮಿಡಿ, ಒಂದು ಪದರ ಕಲ್ಲುಪ್ಪು ಹಾಕಿ ಬಾಯಿ ಕಟ್ಟಿಡುತ್ತಾರೆ. ಕೆಲವು ದಿನ ಬಿಟ್ಟು ತೆಗೆದರೆ ಜಾಡಿಯಲ್ಲಿ ಉಪ್ಪುನೀರು ನಿಂತಿರುತ್ತದೆ, ಮಿಡಿ ಚಿರುಟಿಕೊಂಡಿರುತ್ತದೆ. ನೀರು ಹಾಕಿದವರು ಯಾರು?

ಯಾರೂ ಅಲ್ಲ. ಅದು ಮಿಡಿಯೊಳಗಿದ್ದ ನೀರು. ಮಾವಾಗಲಿ, ಮನುಷ್ಯರಾಗಲಿ, ಎಲ್ಲ ಜೀವಿಗಳ ಮೈಯೂ ಸಣ್ಣ ಸಣ್ಣ ಜೀವಕೋಶಗಳಿಂದ ಆಗಿದೆ. ಪ್ರತಿ ಕೋಶಕ್ಕೂ ಒಂದು ತೆಳುವಾದ ಪೊರೆ ಇದೆ. ಪೊರೆ ನೀರನ್ನು ಸುಲಭವಾಗಿ ಬಿಡುತ್ತದೆ. ಉಪ್ಪು, ಸಕ್ಕರೆಯನ್ನು ಹಾಗೆ ಬಿಡುವುದಿಲ್ಲ. ಆದ್ದರಿಂದ ಉಪ್ಪು, ಸಕ್ಕರೆ ಯಾವ ಕಡೆ ಹೆಚ್ಚೋ ಆ ಕಡೆಗೆ ನೀರೇ ಸರಿಯುತ್ತದೆ. ಇದೇ ಅಭಿಸರಣೆ. ಉಪ್ಪಿನಕಾಯಿ ಕೆಡಿಸಲು ಬರುವ ಎಷ್ಟೋ ಬ್ಯಾಕ್ಟೀರಿಯಾಗಳೂ ಹೀಗೆಯೇ ನೀರು ಕಳೆದುಕೊಂಡು ಸೋಲುತ್ತವೆ.

ಇದೇ ನಿಯಮ ನಮ್ಮ ರಕ್ತದಲ್ಲೂ ಇದೆ. ಅಲ್ಲಿ ಅಳತೆ ತಪ್ಪಿದರೆ ಪ್ರಾಣಕ್ಕೇ ಅಪಾಯ. ವಾಂತಿಭೇದಿಯಿಂದ ತೀರಾ ಬಳಲಿದವರಿಗೆ ಡ್ರಿಪ್ ಹಾಕುತ್ತಾರಲ್ಲ, ಬರೀ ನೀರನ್ನೇ ರಕ್ತನಾಳಕ್ಕೆ ಬಿಟ್ಟರೆ ಆಗದೇ? ಆಗದು. ಬರೀ ನೀರಿಗೆ ಸಿಕ್ಕಿದ ಕೆಂಪು ರಕ್ತಕಣದೊಳಗೆ ನೀರು ನುಗ್ಗಿ, ಅದು ಉಬ್ಬಿ ಒಡೆದುಹೋಗುತ್ತದೆ. ಉಪ್ಪು ಅತಿಯಾದರೆ ಮಿಡಿಯಂತೆ ಚಿರುಟುತ್ತದೆ. ಅದಕ್ಕೇ ಸಾಮಾನ್ಯ ಸಲೈನ್‌ನಲ್ಲಿ ಲೀಟರಿಗೆ 9 ಗ್ರಾಂ ಉಪ್ಪು ಇರುತ್ತದೆ. ಆ ಅಳತೆಯಲ್ಲಿ ಕಣದೊಳಗೆ ಹೋಗುವ ನೀರೂ ಹೊರಗೆ ಬರುವ ನೀರೂ ಸಮ.

ಅಜ್ಜ ಅಜ್ಜಿಯರೂ ಒಂದು ಮಾತು ಕೇಳಿ. ಬೇಗ ಗುಣವಾಗಲಿ ಎಂದು ಓಆರ್‌ಎಸ್ ಪುಡಿಯನ್ನು ಕಡಿಮೆ ನೀರಿಗೆ ಬೆರೆಸಬೇಡಿ. ಅದು ಗಟ್ಟಿಯಾದರೆ ಕರುಳಿನಿಂದ ಮೈಗೆ ಸೇರಬೇಕಾದ ನೀರು, ಮೈಯಿಂದಲೇ ಕರುಳಿಗೆ ಇಳಿಯುತ್ತದೆ, ಭೇದಿ ಹೆಚ್ಚುತ್ತದೆ. ಪೊಟ್ಟಣದ ಮೇಲೆ ಬರೆದಷ್ಟು ನೀರು ಹಾಕಿ, ಹೆಚ್ಚೂ ಬೇಡ, ಕಡಿಮೆಯೂ ಬೇಡ.

ಮಾಡಿ ನೋಡಿ: ಆಲೂಗಡ್ಡೆಯನ್ನು ಬೆರಳುದ್ದದ ತುಂಡುಗಳಾಗಿ ದೊಡ್ಡವರಿಂದ ಹೆಚ್ಚಿಸಿಕೊಳ್ಳಿ. ಎರಡು ಬಟ್ಟಲಲ್ಲಿ ನೀರು ತುಂಬಿ, ಒಂದಕ್ಕೆ ಮಾತ್ರ ಮೂರು ಚಮಚ ಉಪ್ಪು ಕದಡಿ. ಎರಡರಲ್ಲೂ ತುಂಡುಗಳನ್ನು ಹಾಕಿ, ಎರಡು ಗಂಟೆ ಬಿಟ್ಟು ಬಗ್ಗಿಸಿ ನೋಡಿ. ಯಾವುದು ಬಾಗುತ್ತದೆ, ಯಾವುದು ಪಟ್ಟನೆ ಮುರಿಯುತ್ತದೆ? ಏಕೆ ಎಂದು ಈ ಸಲ ನೀವೇ ಅಜ್ಜಿಗೆ ಹೇಳಿಕೊಡಿ.