ಯಾವ ಕಡತ, ಯಾವ ತಾರೀಖು?

ಹೊಸಪೇಟೆ, ಸಂಡೂರು, ಕಂಪ್ಲಿ ಕಡೆಯ ರಾಜಕಾರಣ ಕಾಫಿ-ಅಡಿಕೆ ಬೆಳೆಗಾರರ ಪತ್ರಿಕೆಗೆ ಏಕೆಂದು ಕೆಲವು ಸದಸ್ಯ ಬಂಧುಗಳು ಕೇಳಬಹುದು. ಅದಿರಿನ ಭರಾಟೆಯ ದಿನಗಳಲ್ಲಿ ಶಿರಾಡಿ ಘಾಟಿಯಲ್ಲಿ ಕಾಫಿ ಲಾರಿ ಇಳಿಸಿದವರು ಮಾತ್ರ ಕೇಳಲಾರರು. ಬಳ್ಳಾರಿ ಸೀಮೆಯ ಅದಿರು ಮಂಗಳೂರು ಬಂದರಿಗೆ ಹೋಗುತ್ತಿದ್ದುದು ನಮ್ಮ ರಸ್ತೆಯಲ್ಲೇ. ಗುಂಡಿಗಳು ಉಳಿದದ್ದೂ ನಮ್ಮ ಪಾಲಿಗೇ. ಹಂಪಿ ನೋಡಲು ಹೋದ ನಮ್ಮವರು ಹೊಸಪೇಟೆಯ ಗಿಡಮರಗಳ ಮೇಲೆ ಕೂತ ಕೆಂಪು ಧೂಳನ್ನೂ ನೋಡಿ ಬಂದರು. ಆ ಧೂಳಿನ ಜಿಲ್ಲೆಯಿಂದ ಎದ್ದ ಬಂಡಾಯದಲ್ಲಿ 2009ರಲ್ಲಿ ಸ್ಥಾನ ಕಳೆದುಕೊಂಡವರು ನಮ್ಮ ಅಡಿಕೆ ಸೀಮೆಯಾದ ಪುತ್ತೂರು ಕಡೆಯ ಹೆಣ್ಣುಮಗಳು, ಕು. ಶೋಭಾ ಕರಂದ್ಲಾಜೆ.

2008ರ ಚುನಾವಣೆಯಲ್ಲಿ ಹೊಸಪೇಟೆ, ಕಂಪ್ಲಿಗಳು ಭಾರತೀಯ ಜನತಾ ಪಕ್ಷವನ್ನು ಗೆಲ್ಲಿಸಿದವು. ಸಂಡೂರು ಕಾಂಗ್ರೆಸ್ಸಿಗೆ ಉಳಿಯಿತು. ಶ್ರೀ ಯಡಿಯೂರಪ್ಪನವರ ಸಂಪುಟದಲ್ಲಿದ್ದ ಒಬ್ಬಳೇ ಮಹಿಳೆಗೆ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಖಾತೆ ಸಿಕ್ಕಿತು. ಮರುವರ್ಷ ಉತ್ತರ ಕರ್ನಾಟಕದಲ್ಲಿ ನೆರೆ ಬಂತು. ಸಂತ್ರಸ್ತರ ಮನೆಗಳಿಗೆ ಹಣ ಹೊಂದಿಸಲು ಅದಿರು ಲಾರಿಯೊಂದಕ್ಕೆ 1,000 ರೂಪಾಯಿ ವಿಧಿಸುವ ಮಾತು ಹೊರಟಿತು. ಬಳ್ಳಾರಿಯ ರೆಡ್ಡಿ ಸಹೋದರರು ಶಾಸಕರ ಗುಂಪು ಕಟ್ಟಿಕೊಂಡು ತಿರುಗಿಬಿದ್ದರು. ಮುಖ್ಯಮಂತ್ರಿಯವರು ಹೋಗಬೇಕೆಂದು ಆರಂಭವಾದ ಹಟ ದೆಹಲಿಯ ರಾಜಿಯಲ್ಲಿ ಮುಗಿಯಿತು. ಮುಖ್ಯಮಂತ್ರಿ ಉಳಿದರು, ನವೆಂಬರ್ 9ರಂದು ಸಚಿವೆ ರಾಜೀನಾಮೆ ಕೊಟ್ಟರು.

ದೂರೇನು? ಬೇರೆಯವರ ಇಲಾಖೆಗಳಲ್ಲಿ ಕೈಯಾಡಿಸುತ್ತಾರೆ, ಮುಖ್ಯಮಂತ್ರಿಗಳು ಶಾಸಕರಿಗಿಂತ ಅವರ ಮಾತನ್ನೇ ಹೆಚ್ಚು ಕೇಳುತ್ತಾರೆ ಎಂಬುದು. ಹಾಗೆ ಕೇಳಿದ್ದೇ ತಪ್ಪಾದರೆ ತಪ್ಪು ಕೇಳಿದವರದಲ್ಲವೆ? ನಮ್ಮ ಸಂಘದ ವಾರ್ಷಿಕ ಮಹಾಸಭೆಯಲ್ಲಿ ಕಾರ್ಯದರ್ಶಿಯ ಮೇಲೆ ಯಾರು ಬೇಕಾದರೂ ಎದ್ದು ನಿಂತು ದೂರಬಹುದು, ದೂರುತ್ತಲೂ ಇರುತ್ತಾರೆ. ಆದರೆ ಅಧ್ಯಕ್ಷರು ಮೊದಲು ಕೇಳುವುದು ವೋಚರ್ ನಂಬರು. ಸಚಿವೆಯ ವಿಷಯದಲ್ಲಿ ಇಂಥ ಕಡತ, ಇಂಥ ತಾರೀಖು ಎಂದು ಬಂಡಾಯಗಾರರು ಬಹಿರಂಗವಾಗಿ ತೋರಿಸಿದ್ದನ್ನು ನಾವು ಕಾಣೆವು. ಗ್ರಾಮೀಣ ರಸ್ತೆ, ಕುಡಿಯುವ ನೀರು ಕೆಟ್ಟಿತೆಂದೂ ವಾದವಿರಲಿಲ್ಲ. ಅವಿವಾಹಿತ ಹೆಣ್ಣು ಅಧಿಕಾರದಲ್ಲಿದ್ದರೆ ಹುಟ್ಟುವ ಪಿಸುಮಾತುಗಳು ಮಾತ್ರ ಧಾರಾಳವಾಗಿದ್ದವು; ಗಂಡಸು ಸಚಿವರು ಮುಖ್ಯಮಂತ್ರಿಗಳಿಗೆ ಆಪ್ತರಾದರೆ ಅದಕ್ಕೆ ‘ವಿಶ್ವಾಸ’ ಎಂದು ಹೆಸರು.

ಸರ್ಕಾರ ಉಳಿಸಲು ಬೇರೆ ದಾರಿಯಿರಲಿಲ್ಲ ಎನ್ನುವವರಿದ್ದಾರೆ. ಇರಬಹುದು. ಆದರೆ 2010ರ ಸೆಪ್ಟೆಂಬರಿನಲ್ಲಿ ಅದೇ ಪಕ್ಷ ಅವರನ್ನು ಮರಳಿ ಕರೆದು ಇಂಧನ ಖಾತೆ ಕೊಟ್ಟಿತು. ತಪ್ಪಿತಸ್ಥರಾಗಿದ್ದರೆ ಕರೆದದ್ದೇಕೆ, ಆಗಿರದಿದ್ದರೆ ಕಳಿಸಿದ್ದೇಕೆ ಎಂಬುದಕ್ಕೆ ಪಕ್ಷದವರು ನಮಗೆ ತಿಳಿದಂತೆ ಉತ್ತರ ಹೇಳಿಲ್ಲ. ಅವರ ರಾಜೀನಾಮೆಯಿಂದ ಯಡಿಯೂರಪ್ಪನವರಿಗೆ ದಕ್ಕಿದ್ದು ಸುಮಾರು ಇಪ್ಪತ್ತು ತಿಂಗಳು. 2011ರ ಜುಲೈನಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ಗಣಿ ವರದಿ ಬಂತು, ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು, ಮುಖ್ಯಮಂತ್ರಿಯವರೂ ಇಳಿದರು.

ಇದನ್ನೆಲ್ಲ ಈಗ ಎತ್ತಲು ಕಾರಣ, 2024ರಲ್ಲಿ ನಮ್ಮ ಉಡುಪಿ-ಚಿಕ್ಕಮಗಳೂರು ಕ್ಷೇತ್ರದಲ್ಲೇ ಅವರದೇ ಕಾರ್ಯಕರ್ತರು ‘ಗೋ ಬ್ಯಾಕ್ ಶೋಭಾ’ ಎಂದದ್ದು. 2014 ಮತ್ತು 2019ರಲ್ಲಿ ಇಲ್ಲಿಂದಲೇ ಗೆದ್ದವರು ಅವರು. ಎರಡನೆಯ ಸಲ ಅಂತರ ಮೂರೂವರೆ ಲಕ್ಷದ ಹತ್ತಿರ. ಬೆಳೆಗಾರರಿಗೆ ಏನೂ ಮಾಡಲಿಲ್ಲವೆಂಬುದು ಕೆಲವರ ಆಕ್ಷೇಪ. 2021ರಿಂದ 2024ರವರೆಗೆ ಅವರು ಕೃಷಿ ಇಲಾಖೆಯ ರಾಜ್ಯ ಸಚಿವೆಯಾಗಿದ್ದರು. ಕಾಫಿ ಮಂಡಳಿ ಇರುವುದು ವಾಣಿಜ್ಯ ಸಚಿವಾಲಯದಲ್ಲಿ. ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು 2023ರ ಫೆಬ್ರುವರಿಯಲ್ಲಿ ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿದ್ದೂ ಆ ಸಚಿವಾಲಯವೇ. ನಮ್ಮ ತೋಟಗಳನ್ನು ಹರಾಜಿಗೆ ತರುವ ಸರ್ಫೇಸಿ ಕಾಯ್ದೆ ಹಣಕಾಸು ಇಲಾಖೆಯದು. ಆನೆ ಕಾಟ ರಾಜ್ಯದ ಅರಣ್ಯ ಇಲಾಖೆಯದು. ಆ ಸಚಿವರುಗಳ ಬಾಗಿಲನ್ನು ಅವರು ಎಷ್ಟು ಸಲ ತಟ್ಟಿದರು ಎಂದು ಕೇಳುವುದು ನ್ಯಾಯ. ನಾವೂ ಕೇಳುತ್ತೇವೆ. ‘ಗೋ ಬ್ಯಾಕ್’ ಎಂಬುದರಲ್ಲಿ ಆ ಪ್ರಶ್ನೆ ಎಲ್ಲಿದೆ?

ಅವರ ಎಲ್ಲ ಮಾತುಗಳನ್ನೂ ನಾವು ಒಪ್ಪುವವರಲ್ಲ. 2024ರ ಮಾರ್ಚಿನಲ್ಲಿ ತಮಿಳುನಾಡಿನವರ ಬಗ್ಗೆ ಆಡಿದ ಮಾತು ತಪ್ಪು. ಆದರೆ ಅಲ್ಲಿ ಆಕ್ಷೇಪಿಸಿದವರು ಇಂಥ ದಿನ, ಇಂಥ ಮಾತು ಎಂದು ಬೊಟ್ಟು ಮಾಡಿದರು. ಅವರು ಮಾತು ಹಿಂತೆಗೆದುಕೊಂಡು ಕ್ಷಮೆ ಕೇಳಿದರು. ಪಕ್ಷ ಅವರನ್ನು ಬೆಂಗಳೂರು ಉತ್ತರಕ್ಕೆ ಕಳಿಸಿದಾಗ ಅಲ್ಲಿಯೂ ಅದೇ ಘೋಷಣೆ ಕೇಳಿಬಂತು. ಎರಡೂವರೆ ಲಕ್ಷಕ್ಕೂ ಮಿಕ್ಕ ಅಂತರದಿಂದ ಗೆದ್ದರು.

ನಮ್ಮ ಸಂಘದಲ್ಲಿ ಎಲ್ಲ ಪಕ್ಷದವರೂ ಇದ್ದಾರೆ. ಭಿನ್ನಾಭಿಪ್ರಾಯವುಳ್ಳವರು ಬರೆದು ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ. ಇಸವಿ, ತಾರೀಖು, ವಿಷಯ ನಮೂದಿಸಿರಬೇಕು.