ನಮ್ಮ ಸೆನ್ಸರಿಗೆ ಕಾಣದ ಅಲ್ಯೂಮಿನಿಯಂ

ಪ್ರತಿ ವರ್ಷ ಪ್ರಾಜೆಕ್ಟ್ ಎಕ್ಸಿಬಿಷನ್ನಿನಲ್ಲಿ ಒಂದು ಟೇಬಲ್ ಮಾತ್ರ ತಪ್ಪುವುದಿಲ್ಲ: ‘ಸ್ಮಾರ್ಟ್ ಅಗ್ರಿಕಲ್ಚರ್’. ಒಂದು ಹೂಕುಂಡ, ಅದಕ್ಕೆ ಚುಚ್ಚಿದ ತೇವಾಂಶದ ಸೆನ್ಸರ್, ಪಕ್ಕದಲ್ಲೊಂದು ಪುಟ್ಟ ಪಂಪು. ಮಣ್ಣು ಒಣಗಿತು, ಪಂಪು ಓಡಿತು, ಮೊಬೈಲಿಗೆ ಮೆಸೇಜ್ ಬಂತು, ಚಪ್ಪಾಳೆ. ನಾವೂ ತಟ್ಟಿದ್ದೇವೆ, ನಾವೂ ಅದನ್ನೇ ಮಾಡಿದ್ದೇವೆ. ಆದರೆ ನಮ್ಮಲ್ಲಿ ಸುಮಾರು ಜನರ ಮನೆ ಬ್ರಹ್ಮಾವರ, ಕುಂದಾಪುರ, ಬೈಂದೂರು ಕಡೆ. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬೀಳುವ ಊರು. ಬೇಸಿಗೆಯಲ್ಲಿ ನೀರಿನ ಲೆಕ್ಕವೂ ಬೇಕು, ಇಲ್ಲ ಅನ್ನುವುದಿಲ್ಲ. ಆದರೆ ನಮ್ಮ ಮಣ್ಣಿನ ದೊಡ್ಡ ಕಷ್ಟ ಬೇರೆಯೇ ಇದೆ. ಅದು ಆ ಸೆನ್ಸರಿಗೆ ಕಾಣುವುದಿಲ್ಲ.

ನಮ್ಮದು ಮುರಕಲ್ಲಿನ ಸೀಮೆ. ಸಾವಿರಾರು ವರ್ಷಗಳ ಮಳೆ ಮಣ್ಣಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ತೊಳೆದುಕೊಂಡು ಹೋಗಿದೆ. ಉಳಿದದ್ದು ಕಬ್ಬಿಣ, ಅಲ್ಯೂಮಿನಿಯಂ ಮತ್ತು ಹುಳಿ. ಅಲ್ಯೂಮಿನಿಯಂ ಪಾತ್ರೆ ತುಕ್ಕು ಹಿಡಿಯದಂತೆ ಮೇಲಿನ ಆಕ್ಸೈಡ್ ಪದರ ಕಾಯುತ್ತದೆ, ಆಮ್ಲ ಜೋರಾದರೆ ಆ ಪದರವೇ ಕರಗುತ್ತದೆ ಎಂದು ಮೊದಲ ವರ್ಷದಲ್ಲೇ ಓದಿದ್ದೇವೆ ಅಲ್ವಾ? ಮಣ್ಣಿನಲ್ಲೂ ಹೆಚ್ಚುಕಡಿಮೆ ಅದೇ ಕಥೆ. ಪಿಎಚ್ ಸರಿಯಿರುವಾಗ ಅಲ್ಯೂಮಿನಿಯಂ ಖನಿಜದೊಳಗೆ ತೆಪ್ಪಗಿರುತ್ತದೆ. ಪಿಎಚ್ 5ರ ಆಸುಪಾಸಿಗೆ ಇಳಿದು ಇನ್ನೂ ಕೆಳಗೆ ಹೋದಂತೆ, ಮೂರು ಧನ ಚಾರ್ಜ್ ಹೊತ್ತ ಅಯಾನಾಗಿ ನೀರಿಗೆ ಇಳಿಯುತ್ತದೆ.

ಮೊದಲ ಪೆಟ್ಟು ಬೀಳುವುದು ಬೇರಿನ ತುದಿಯ ಕೆಲವೇ ಮಿ.ಮೀ. ಜಾಗಕ್ಕೆ. ಅಲ್ಲಿನ ಜೀವಕೋಶದ ಗೋಡೆಯಲ್ಲಿ ಪೆಕ್ಟಿನ್ ಇದೆ, ಅದರ ಮೇಲೆ ಋಣ ಚಾರ್ಜ್. ಕ್ಯಾಲ್ಸಿಯಂ ಕೂರುವ ಆ ಜಾಗದಲ್ಲಿ ಅಲ್ಯೂಮಿನಿಯಂ ಬಂದು ಗಟ್ಟಿಯಾಗಿ ಕೂರುತ್ತದೆ. ಗೋಡೆ ಬಿಗಿಯಾಗುತ್ತದೆ, ಕೋಶ ಹಿಗ್ಗುವುದಿಲ್ಲ. ಒಳಗಿನ ಪೊರೆಯಲ್ಲೂ ಏರುಪೇರು, ಕೋಶ ವಿಭಜನೆಗೂ ತಡೆ. ಸೂಕ್ಷ್ಮ ಗಿಡಗಳಲ್ಲಿ ಬೇರಿನ ಬೆಳವಣಿಗೆ ಕುಂಠಿತವಾಗಲು ಒಂದೆರಡು ಗಂಟೆ ಸಾಕು. ಬೇರು ಮೋಟಾಗಿ, ದಪ್ಪವಾಗಿ ನಿಲ್ಲುತ್ತದೆ.

ಮೇಲೆ ನಿಂತವರಿಗೆ ಇದು ಗೊತ್ತಾಗುವುದು ಹೇಗೆ? ಕಾಣುವುದು ಸೊರಗಿದ ಗಿಡ, ಬಣ್ಣಗೆಟ್ಟ ಎಲೆ. ಗೊಬ್ಬರ ಸಾಲದು ಅಂತ ಮನೆಯವರು ಇನ್ನೊಂದು ಮೂಟೆ ತರುತ್ತಾರೆ. ರಂಜಕವನ್ನು ಅದೇ ಅಲ್ಯೂಮಿನಿಯಂ, ಕಬ್ಬಿಣ ಹಿಡಿದಿಟ್ಟುಕೊಳ್ಳುತ್ತವೆ. ಯೂರಿಯಾ ಮಣ್ಣನ್ನು ಇನ್ನಷ್ಟು ಹುಳಿ ಮಾಡುತ್ತದೆ. ದುಡ್ಡು ಹೋಯಿತು, ಬೇರು ಇದ್ದಲ್ಲೇ ಇದೆ.

ಇಷ್ಟು ಕಾಲ ನಮ್ಮನ್ನು ಕಾಪಾಡಿದ್ದು ಭತ್ತದ ಗದ್ದೆ. ನೀರು ನಿಂತಾಗ ಹುಳಿ ಮಣ್ಣಿನ ಪಿಎಚ್ ತಾನಾಗಿ ಏರುತ್ತದೆ, ಅಲ್ಯೂಮಿನಿಯಂ ಮತ್ತೆ ಗಟ್ಟಿಯಾಗಿ ತಳ ಹಿಡಿಯುತ್ತದೆ. ಮೇಲಾಗಿ ಧಾನ್ಯದ ಬೆಳೆಗಳಲ್ಲಿ ಅಲ್ಯೂಮಿನಿಯಂ ಚೆನ್ನಾಗಿ ತಡೆಯುವುದು ಭತ್ತವೇ. ಈಗ ಎಷ್ಟು ಗದ್ದೆ ಹಡಿಲು ಬಿದ್ದಿದೆ ಅಂತ ಊರಿಗೆ ಹೋದಾಗ ನೋಡುತ್ತೇವೆ. 2021ರಲ್ಲಿ ಉಡುಪಿಯಲ್ಲಿ ಹಡಿಲು ಭೂಮಿ ಕೃಷಿಗೆಂದೇ ಅಭಿಯಾನ ನಡೆಯಿತು. ನೀರು ನಿಲ್ಲದ ಬೆಟ್ಟು ಗದ್ದೆಯಲ್ಲಿ ತರಕಾರಿಯನ್ನೋ ಉದ್ದು, ಹೆಸರನ್ನೋ ಹಾಕುವವರಿಗೆ ನೀರಿನ ಆ ಕಾವಲು ಇಲ್ಲ.

2015ರಲ್ಲಿ ಬಂದ ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶಗಳಿವೆ. ಪಿಎಚ್ ಇದೆ, ಅಲ್ಯೂಮಿನಿಯಂ ಇಲ್ಲ. ಪಿಎಚ್ ಗೊತ್ತಾದರೆ ಸಾಲದಾ ಎಂದು ಕೇಳಬಹುದು. ಸಾಲದು. ಸೊಪ್ಪು, ಹಟ್ಟಿಗೊಬ್ಬರ ಬಿದ್ದ ಮಣ್ಣಿನಲ್ಲಿ ಸಾವಯವ ಅಂಶ ಅಲ್ಯೂಮಿನಿಯಂ ಅನ್ನು ಕಟ್ಟಿಹಾಕುತ್ತದೆ. ಹಾಗಾಗಿ ಒಂದೇ ಪಿಎಚ್ ಇರುವ ಎರಡು ಗದ್ದೆಗಳಲ್ಲಿ ವಿಷದ ಪ್ರಮಾಣ ಬೇರೆ ಬೇರೆ ಇರಬಹುದು. ಮದ್ದೇನೋ ನಮಗೆ ಗೊತ್ತಿರುವ ಸುಣ್ಣವೇ. ಆದರೆ ಅಂದಾಜಿಗೆ ಸುರಿದರೆ ಸತು, ಕಬ್ಬಿಣ ಗಿಡಕ್ಕೆ ಸಿಗದೆ ಹೊಸ ಕಷ್ಟ ಶುರು. ಅಳತೆ ಬೇಕೇ ಬೇಕು.

ಆ ಅಳತೆ ನಮ್ಮ ಕೈಗೆ ಸಿಗದ್ದೂ ಅಲ್ಲ. ಮಣ್ಣನ್ನು ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲಿ ಕಲಕಿ, ಸೋಸಿ, ಟೈಟ್ರೇಶನ್ ಮಾಡಿದರೆ ಲೆಕ್ಕ ಸಿಗುತ್ತದೆ. ನಾವು ಮಾರ್ಕಿಗಾಗಿ ಮಾತ್ರ ಹಿಡಿದ ಬ್ಯುರೆಟ್ ಸಾಕು. ಇದನ್ನು ಗದ್ದೆಯ ಅಂಚಿನಲ್ಲೇ, ಕಡಿಮೆ ಖರ್ಚಿನಲ್ಲಿ ಮಾಡುವ ಕಿಟ್ ಆಗಿಸುವುದು ಎಂಜಿನಿಯರಿಂಗ್ ಸಮಸ್ಯೆ. ಕೆಮಿಸ್ಟ್ರಿ, ಎಲೆಕ್ಟ್ರಾನಿಕ್ಸ್, ಸಿವಿಲ್ ಮೂವರೂ ಕೂತು ಮಾಡುವಂಥದ್ದು.

ಬ್ರಹ್ಮಾವರದಲ್ಲೇ ವಲಯ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರವಿದೆ. ಪ್ರಾಜೆಕ್ಟ್ ಟೈಟಲ್ ಬರೆಯುವ ಮೊದಲು ಅಲ್ಲಿಗೊಮ್ಮೆ ಹೋಗಿ ಕೇಳೋಣ. ರಜೆಗೆ ಮನೆಗೆ ಹೋದಾಗ ಸೊರಗಿದ ಒಂದು ಗಿಡವನ್ನು ಮೆಲ್ಲಗೆ ಕಿತ್ತು, ಮಣ್ಣು ತೊಳೆದು ಬೇರು ನೋಡೋಣ. ಮೋಟು ಬೇರಿಗೆ ಬೇರೆ ಕಾರಣವೂ ಇರಬಹುದು, ಆದರೆ ಪ್ರಶ್ನೆ ಅಲ್ಲಿಂದ ಶುರುವಾಗಲಿ. ಹೂಕುಂಡಕ್ಕೆ ನೀರು ಬಿಡುವ ಪಂಪು ಈ ವರ್ಷವೂ ಓಡುತ್ತದೆ. ಅದರ ಪಕ್ಕದ ಟೇಬಲ್ಲಿನಲ್ಲಾದರೂ ನಮ್ಮೂರಿನ ಮಣ್ಣು ಇರಲಿ.